ಗೋಡೆಗಾಳು ಯಾರ ಪಾಲಿಗೆ

ಮೊನ್ನೆ ಶುಕ್ರವಾರ ಮಸೀದಿಯಿಂದ ಮನೆಗೆ ಬರುತ್ತಿದ್ದೆ. ಕೌಲ್ ಬಜಾರಿನ ತಿರುವಿನಲ್ಲಿ ರೈಲು ಗೋದಾಮಿಗೆ ಹೊಸದಾಗಿ ಸೇರಿದ ಇಬ್ಬರು ಗುಮಾಸ್ತರು ನನ್ನನ್ನು ಅಡ್ಡಗಟ್ಟಿದರು. "ಚಾಚಾ, ನೀವು ಹಗೇವಿನ ಕೆಲಸ ಮಾಡಿದೋರಂತ. ಜೋಳ ಎಷ್ಟು ವರ್ಸದ್ದು ತಿನ್ನಾಕ ಬರ್ತೈತಿ, ಎಷ್ಟು ವರ್ಸದ ಮ್ಯಾಲ ಬರಂಗಿಲ್ಲ, ಒಂದು ಮಾತು ಹೇಳ್ರಿ. ಗೋದಾಮಿನ ಗೋಡಿಗೆ ಬರದು ಹಚ್ತೀವಿ" ಅಂದರು. ಮರ್ಯಾದೆಯಿಂದಲೇ ಕೇಳಿದರು. ಆದರೂ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಗೋಡೆಗೆ ಏನು ಬರೆದು ಹಚ್ಚುತ್ತೀರಿ, ನಿಮ್ಮ ತಲೆ ಎಂದು ಬೈದು ಬಂದೆ. ಮನೆಗೆ ಬಂದ ಮೇಲೆ ಪಾಪ ಅನಿಸಿತು. ಅವರಿಗೆ ಗೊತ್ತಿಲ್ಲ, ಯಾರೂ ಹೇಳಿಲ್ಲ. ಹಾಗಾಗಿ ಇದನ್ನು ಬರೆಯಲು ಕುಳಿತಿದ್ದೇನೆ. ಸಿಟ್ಟು ಮಾತ್ರ ಇಳಿದಿಲ್ಲ. ಓದುವವರು ಸಹಿಸಿಕೊಳ್ಳಬೇಕು.

ನನ್ನ ಹೆಸರು ಇಮಾಮಸಾಬ. ಬಳ್ಳಾರಿಯ ಸಾಹುಕಾರ ಪಂಪಣ್ಣನವರ ಧಾನ್ಯದ ಅಂಗಡಿಯಲ್ಲಿ ಹಗೇವುಗಳನ್ನೂ ಆಳುಗಳನ್ನೂ ನೋಡಿಕೊಳ್ಳುವ ಮುಕದ್ದಮನಾಗಿದ್ದೆ. ಅವರ ಹಗೇವುಗಳು ಕುರುಗೋಡಿನಲ್ಲೂ ಇದ್ದವು, ಸಿರುಗುಪ್ಪದಲ್ಲೂ ಇದ್ದವು. ಯಾವಾಗ ಸೇರಿದೆ, ಯಾವಾಗ ಸಂಬಳ ಏರಿತು ಎಂಬುದೆಲ್ಲ ನಿಮಗೆ ಬೇಡ, ನನಗೂ ಬೇಡ. ಕೆಲಸ ಹೇಗಿತ್ತು ಎಂಬುದನ್ನಷ್ಟೇ ಹೇಳುತ್ತೇನೆ.

ಈಗಿನವರು ಹಗೇವನ್ನು ಕಂಡಿರಲಿಕ್ಕಿಲ್ಲ. ತಗಡಿನ ಗೋದಾಮು, ಗೋಣಿಚೀಲದ ಮೇಲೆ ಗೋಣಿಚೀಲ, ಅದೇ ಉಗ್ರಾಣ ಎಂದು ತಿಳಿದಿದ್ದಾರೆ. ನಮ್ಮ ಕಾಲದಲ್ಲಿ ಉಗ್ರಾಣ ನೆಲದೊಳಗೆ ಇತ್ತು. ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣ ಬಾಯಿ, ಒಳಗೆ ಗುಡಾಣದ ಹಾಗೆ ದೊಡ್ಡ ಹೊಟ್ಟೆ. ಗಟ್ಟಿ ನೆಲ ನೋಡಿ ತೋಡಬೇಕು. ತಳಕ್ಕೆ, ಸುತ್ತಲಿನ ಗೋಡೆಗೆ ಜೋಳದ ಒಣದಂಟಿನ ಸೊಪ್ಪೆ ಒತ್ತೊತ್ತಾಗಿ ಕಟ್ಟಿ, ನಡುವೆ ಜೋಳ ಸುರಿದು, ಮೇಲೆ ಮತ್ತೆ ಸೊಪ್ಪೆ ಹಾಕಿ, ಬಂಡೆ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಮುಗಿಯಿತು. ಹುಳ ಇಲ್ಲ, ಇಲಿ ಇಲ್ಲ. ನೆಲ ಒಳ್ಳೆಯದಿದ್ದರೆ ಮಗ ಹುಟ್ಟಿದಾಗ ತುಂಬಿದ ಹಗೇವನ್ನು ಅವನ ಮದುವೆಗೆ ತೆರೆದು ಊಟ ಹಾಕಿದವರನ್ನು ನಾನು ಕುರುಗೋಡಿನಲ್ಲಿ ನೋಡಿದ್ದೇನೆ. ನೆಲ ಕೆಟ್ಟದ್ದಾದರೆ ಒಂದೇ ಮಳೆಗಾಲಕ್ಕೆ ಕಾಳು ಕಪ್ಪಾಗಿ ಹೆಂಟೆಗಟ್ಟಿದ್ದನ್ನೂ ನೋಡಿದ್ದೇನೆ. ಈಗ ಹೇಳಿ, ವರ್ಷ ಕೇಳಿದರೆ ನಾನು ಏನು ಹೇಳಲಿ?

ಒಂದು ಮಾತು ಚೆನ್ನಾಗಿ ತಿಳಿದುಕೊಳ್ಳಿ. ಎಷ್ಟೇ ಒಳ್ಳೆಯ ಹಗೇವಾದರೂ ಸೊಪ್ಪೆಗೆ ತಾಗಿದ ಕಾಳು ಸ್ವಲ್ಪವಾದರೂ ಕೆಡುತ್ತದೆ. ನಡುವಿನದು ಚೊಕ್ಕ ಇರುತ್ತದೆ, ಅಂಚಿನದು ಕಂದು ತಿರುಗಿ ಹುಳಿವಾಸನೆ ಹಿಡಿಯುತ್ತದೆ. ಇದಕ್ಕೆ ನಾವು ಗೋಡೆಗಾಳು ಎನ್ನುತ್ತಿದ್ದೆವು. ನಡುವಿನ ಕಾಳು ಸಾಹುಕಾರನದು. ಗೋಡೆಗಾಳು ಹಗೇವಿಗೆ ಇಳಿದವನದು. ಅದೇ ಅವನ ಕೂಲಿ. ಇದು ಯಾವಾಗ ಶುರುವಾಯಿತೋ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಮಾಡಿದ್ದು, ಅಜ್ಜ ಮಾಡಿದ್ದು, ನಡೆದು ಬಂದದ್ದು ಎಂದು ಎಲ್ಲರೂ ತಲೆ ಅಲ್ಲಾಡಿಸುತ್ತಿದ್ದರು. ನನಗಂತೂ ಈಗ ಬರೆಯುವಾಗಲೂ ಮೈ ಉರಿಯುತ್ತದೆ.

ಹಗೇವು ತೆರೆದ ಕೂಡಲೇ ಒಳಗೆ ಇಳಿಯಬಾರದು. ಒಳಗಿನ ಗಾಳಿ ವಿಷವಾಗಿರುತ್ತದೆ. ಬಾಯಿ ತೆರೆದು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಕಾಯಬೇಕು. ಅಷ್ಟೇ. ಇದರಲ್ಲಿ ಜಾಣತನವೇನಿಲ್ಲ. ಆದರೆ ಗಾಡಿಗಳು ಸಾಲಾಗಿ ನಿಂತಾಗ ಈ ಸಣ್ಣ ಮಾತೂ ಮಾಲೀಕರಿಗೆ ಮರೆತು ಹೋಗುತ್ತದೆ.

ಒಮ್ಮೆ ಕುರುಗೋಡಿನಲ್ಲಿ ಹೀಗೆಯೇ ಆಯಿತು. ನಮ್ಮ ಮೇಲೆ ಶ್ರೀನಿವಾಸಾಚಾರ್ಯರು ಹಿರಿಯ ಗುಮಾಸ್ತರಾಗಿದ್ದರು. ಒಂದು ಹಿಡಿ ಕಾಳಿನ ಮೋಸ ಮಾಡಿದವರಲ್ಲ. ಏಕಾದಶಿಗೆ ನೀರು ಸಹ ಮುಟ್ಟದವರು. ಆದರೆ ಅವಸರದ ಮನುಷ್ಯ. ದೀಪ ಆರಿತು. "ಗಾಳಿಗೆ ಆರಿರಬೇಕು, ಇಳಸು" ಅಂದರು. ಹಗೇವಿನೊಳಗೆ ಎಲ್ಲಿಯ ಗಾಳಿ? ನಾನು ಬೇಡವೆಂದೆ. ಅಷ್ಟರಲ್ಲಿ ದುರಗಪ್ಪ ಎಂಬ ಮುದುಕ ಇಳಿದುಬಿಟ್ಟಿದ್ದ. ಅವನ ಮಗ ಹೊನ್ನೂರ ಅಪ್ಪನ ಸೊಂಟಕ್ಕೆ ಹಗ್ಗ ಕಟ್ಟಿದ್ದ. ಅದರಿಂದ ಎಳೆದು ತೆಗೆದೆವು, ಜೀವ ಉಳಿಯಿತು. ಆದರೆ ಆ ಮನುಷ್ಯ ಮತ್ತೆ ಎಂದೂ ಸರಿಯಾಗಿ ಉಸಿರಾಡಲಿಲ್ಲ. ನಾಲ್ಕು ಹೆಜ್ಜೆ ನಡೆದರೆ ಕುಳಿತುಬಿಡುತ್ತಿದ್ದ. ಆಚಾರ್ಯರು ಬಹಳ ನೊಂದುಕೊಂಡರು. ನೊಂದುಕೊಂಡು ಏನು ಕಳಿಸಿದರು ಗೊತ್ತೇ? ಒಂದು ಗೂಡೆ ಗೋಡೆಗಾಳು ಹೆಚ್ಚಿಗೆ ಕಳಿಸಿದರು.

ಆ ಕಾಳನ್ನು ತಿನ್ನುವುದು ಹೇಗೆ ಎಂದು ಕೇಳುತ್ತೀರಾ? ನೀರು ತಿಳಿಯಾಗುವವರೆಗೆ ತೊಳೆಯಬೇಕು. ಬಿಸಿಲಿಗೆ ಹಾಕಿ ಒಣಗಿಸಬೇಕು. ವಾಸನೆ ಹೋಗಲೆಂದು ಹುರಿಯಬೇಕು. ಆಮೇಲೆ ಬೀಸಬೇಕು. ಇಷ್ಟಾದರೂ ಹಿಟ್ಟಿನಲ್ಲಿ ಜಿಗಿ ಇರುವುದಿಲ್ಲ. ರೊಟ್ಟಿ ತಟ್ಟಿದರೆ ಅಂಚು ಒಡೆದು ಚೂರಾಗುತ್ತದೆ. ಅದಕ್ಕೇ ಹಗೇವಿನವರ ಮನೆಯಲ್ಲಿ ರೊಟ್ಟಿ ಕಡಿಮೆ, ಹಿಟ್ಟು ಕುದಿಸಿ ಮುದ್ದೆ ಮಾಡಿದ ಸಂಗಟಿ ಹೆಚ್ಚು. ಬರದ ವರ್ಷದಲ್ಲಿ ಊರಿನವರೆಲ್ಲ ಇದನ್ನೇ ಕೈಯೊಡ್ಡಿ ಒಯ್ದರು, ನಾನೂ ತಿಂದೆ. ಯಾರೂ ಬೇಡವೆನ್ನಲಿಲ್ಲ. ಹಸಿವಿಗೆ ತಿಂದದ್ದು ಬೇರೆ. ಕಣಜ ತುಂಬಿದ ವರ್ಷದಲ್ಲೂ ಒಬ್ಬನಿಗೆ ಅದನ್ನೇ ಅಳೆದು ಕೊಡುವುದು ಬೇರೆ. ಎರಡನ್ನೂ ಒಂದೇ ಮಾಡಿ ನನ್ನ ಹತ್ತಿರ ವಾದಕ್ಕೆ ಬರುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಸಾಹುಕಾರ ಪಂಪಣ್ಣನವರ ಹೊಟ್ಟೆಯ ವಿಚಾರವನ್ನೂ ಹೇಳಿಬಿಡುತ್ತೇನೆ. ಬಳ್ಳಾರಿ ದಂಡಿನ ಇಂಗ್ಲಿಷ್ ದೊರೆಗಳ ಬಂಗಲೆಗಳಿಂದ ಹಳೆಯ ತಗಡಿನ ಡಬ್ಬಿಗಳು ಬಟ್ಲರರ ಕೈಯಿಂದ ಬಜಾರಿಗೆ ಬರುತ್ತಿದ್ದವು. ಸಕ್ಕರೆ ಪಾಕದಲ್ಲಿ ಹಾಕಿದ ಸೀಮೆಹಣ್ಣು. ಪಂಪಣ್ಣನವರಿಗೆ ಅದರ ಹುಚ್ಚು ಹಿಡಿಯಿತು. ಒಂದು ದಿನ ನನ್ನನ್ನೂ ಕರೆದುಕೊಂಡು ಹೋಗಿ, ಡಬ್ಬಿಗಳನ್ನು ಸಾಲಾಗಿ ಇಡಿಸಿ, ಒಂದೊಂದನ್ನೇ ಸವರಿ ನೋಡಿ, ಹೊಟ್ಟೆ ಉಬ್ಬಿದ ಡಬ್ಬಿಗಳನ್ನೇ ಆರಿಸಿದರು. "ಇದರಾಗ ಹಣ್ಣು ಜಾಸ್ತಿ ತುಂಬ್ಯಾರ ನೋಡಲೇ ಇಮಾಮ. ಚಪ್ಪಟಿ ಇದ್ದಾವು ಅರ್ಧ ಖಾಲಿ" ಅಂದರು. ಬಟ್ಲರ ತುಟಿ ಕಚ್ಚಿಕೊಂಡು ನಿಂತಿದ್ದ. ಮನೆಯಲ್ಲಿ ನೆಂಟರೆದುರು ಮೊಳೆ ಹೊಡೆದು ತೂತು ಮಾಡಿದರು ನೋಡಿ, ಬುಸ್ಸೆಂದು ನೊರೆ ಚಿಮ್ಮಿ ಬೀಗರ ಜರಿ ರುಮಾಲಿನ ಮೇಲೆ ಹೋಯಿತು. ವಾಸನೆಗೆ ಮನೆಮಂದಿ ಹೊರಗೆ ಓಡಿದರು. ಉಳಿದ ಡಬ್ಬಿಗಳನ್ನು ಹಿತ್ತಲಲ್ಲಿ ಹೂಳಿಸಿ, ನಾಯಿ ಕೆದರೀತೆಂದು ಮೇಲೆ ಕಲ್ಲು ಹೇರಿಸಿದರು. ನಾನು ಬಹಳ ದಿನ ನಕ್ಕೆ. ಆಮೇಲೆ ನಗು ನಿಂತುಹೋಯಿತು. ತನ್ನ ಬಾಯಿಗೆ ಬರುವ ವಸ್ತು ಕೆಟ್ಟಿದೆ ಎಂದು ತಿಳಿಯಲು ಈ ಮನುಷ್ಯನಿಗೆ ಯಾರ ಸಲಹೆಯೂ ಬೇಕಾಗಲಿಲ್ಲವಲ್ಲ ಎಂದು ಹೊಳೆಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ದುರಗಪ್ಪ ಸತ್ತ ಮೇಲೆ ಹೊನ್ನೂರನೇ ನಮ್ಮ ಎಲ್ಲ ಹಗೇವುಗಳ ಕೆಲಸ ಹಿಡಿದ. ತುಂಬುವಾಗ ಸೊಪ್ಪೆ ಕಟ್ಟುವವನೂ ಅವನೇ, ತೆರೆದಾಗ ಇಳಿಯುವವನೂ ಅವನೇ. ಹೆಂಡತಿ ಮಾರೆಕ್ಕ ರಾರಾವಿಯ ಹೆಣ್ಣು. ಹೊಳೆದಂಡೆಯ ಒಕ್ಕಲು ಮನೆಯಲ್ಲಿ ಹುಟ್ಟಿ ಬೆಳೆದವಳು, ಬಾಯಿ ಜೋರು. ಮದುವೆಯಾಗಿ ಬಂದ ಮೊದಲ ವರ್ಷ ಗೋಡೆಗಾಳಿನ ಗೂಡೆಯನ್ನು ನನ್ನ ಮುಂದೆ ಹಿಡಿದು, "ಸಾಬಣ್ಣ, ಇದು ಎಮ್ಮಿಗೋ ನಮಗೋ?" ಎಂದು ಕೇಳಿದ್ದಳು. ನಾನು ಚೀಲ ಎಣಿಸುವ ನೆಪ ಮಾಡಿ ಆಚೆ ಸರಿದೆ.

ಪಂಪಣ್ಣನವರು ಸಿರುಗುಪ್ಪದ ತಮ್ಮ ಹೊಸ ಮನೆಯ ಪಕ್ಕದಲ್ಲೇ ಒಂದು ಹಗೇವು ತೋಡಿಸಬೇಕೆಂದರು. ಅಲ್ಲಿಂದ ಕಾಲುವೆ ಕೂಗಳತೆಯಲ್ಲಿತ್ತು. ನೆಲ ತೇವ, ಬೇಡ ಎಂದು ನಾನೂ ಹೇಳಿದೆ, ಹೊನ್ನೂರನೂ ಹೇಳಿದ. "ನನ್ನ ಕಣ್ಣ ಮುಂದ ಇರಲಿ. ಕುರುಗೋಡಿಗೆ ಯಾರು ಬಂಡಿ ಕಟ್ಕೊಂಡು ಹೋಗಾವ್ರು?" ಅಂದರು. ತೋಡಿದ್ದಾಯಿತು, ತುಂಬಿದ್ದಾಯಿತು. ಹೊನ್ನೂರ ಆ ಸಲ ಎಂದಿಗಿಂತ ದಪ್ಪಗೆ ಸೊಪ್ಪೆ ಕಟ್ಟಿದ. ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ.

ಮುಂದಿನ ವರ್ಷ ದಂಡಿನ ಬಂಡಿ ಎತ್ತುಗಳಿಗೆ ಜೋಳ ಒದಗಿಸುವ ಗುತ್ತಿಗೆ ಪಂಪಣ್ಣನವರಿಗೆ ಸಿಕ್ಕಿತು. ಸಿರುಗುಪ್ಪದ ಹಗೇವು ತೆರೆದೆವು. ಕಾಲುವೆಯ ಕಡೆಯ ಅರ್ಧ ಹೊಟ್ಟೆಯೆಲ್ಲ ಕಪ್ಪು. ಸೊಪ್ಪೆ ಹಿಂಡಿದರೆ ನೀರು ಬರುತ್ತಿತ್ತು. ಅಷ್ಟು ಗೋಡೆಗಾಳನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಪದ್ಧತಿಯಂತೆ ಅದೆಲ್ಲ ಹೊನ್ನೂರನದು. ಆದರೆ ಅಷ್ಟನ್ನೂ ಅವನಿಗೆ ಬಿಟ್ಟರೆ ಗುತ್ತಿಗೆಗೆ ಕಾಳು ಸಾಲುವುದಿಲ್ಲ. ಪಂಪಣ್ಣನವರು ಕಪ್ಪನ್ನೂ ಬಿಳಿಯನ್ನೂ ಕಲೆಸಿ ಗಾಡಿಗೆ ಹೇರಿಸಿದರು. ನಾನು ಬೇಡವೆಂದೆ. "ಎತ್ತು ಬಾಯಿಬಿಟ್ಟು ಹೇಳತೈತೇನಲೇ?" ಎಂದು ನಕ್ಕರು.

ಎತ್ತು ಹೇಳಿತು. ಮೂಸಿ ನೋಡಿ ಮುಖ ತಿರುಗಿಸಿತು. ದಂಡಿನ ದನದ ಡಾಕ್ಟರು ಒಬ್ಬ ದೊರೆ. ಒಂದು ಹಿಡಿ ತೆಗೆದುಕೊಂಡು, ಮೂಸಿ, ನೆಲಕ್ಕೆ ಚೆಲ್ಲಿ, ಇದನ್ನು ನನ್ನ ಪ್ರಾಣಿಗಳ ಬಾಯಿಗೆ ಇಡಬೇಡಿ ಎಂದು ಗಾಡಿಗಳನ್ನು ಹಾಗೆಯೇ ತಿರುಗಿಸಿದ. ಗುತ್ತಿಗೆ ಹೋಯಿತು. ಬಳ್ಳಾರಿಯಿಂದ ಸಿರಿಗೇರಿ ಮೇಲಿಂದ ಸಿರುಗುಪ್ಪಕ್ಕೆ ಆ ಗಾಡಿಗಳ ಸಂಗಡ ನಾನು ಬಂದೆ. ದಾರಿಯುದ್ದಕ್ಕೂ ಜನ ಏನಾಯಿತೆಂದು ಕೇಳುತ್ತಿದ್ದರು.

ಮರುದಿನ ಪಂಪಣ್ಣನವರ ಪಡಸಾಲೆಯಲ್ಲಿ ಪಂಚಾಯ್ತಿ ಕೂಡಿತು. ಊರಿನ ನಾಲ್ವರು ಧಾನ್ಯದ ವ್ಯಾಪಾರಿಗಳು ಪಂಚರು. ಅವರಿಗೂ ಹಗೇವುಗಳಿದ್ದವು, ಅವರೂ ಹೀಗೆಯೇ ಕೂಲಿ ಕೊಡುತ್ತಿದ್ದರು. ಆಚಾರ್ಯರು ಕಂಬಕ್ಕೆ ಒರಗಿ ಕುಳಿತಿದ್ದರು. ಹೊನ್ನೂರ ಅಂಗಳದಲ್ಲಿ ಕೈಕಟ್ಟಿ ನಿಂತಿದ್ದ, ಮಾರೆಕ್ಕ ಅವನ ಹಿಂದೆ. ತಿರುಗಿ ಬಂದ ಚೀಲಗಳು ಅಂಗಳದ ತುಂಬ ಬಿದ್ದಿದ್ದವು. ವಾಸನೆಗೆ ಪಂಚರು ಮೂಗಿಗೆ ಹೆಗಲ ವಲ್ಲಿ ಹಿಡಿದಿದ್ದರು.

ಪಂಪಣ್ಣನವರು ಎದ್ದು ನಿಂತು ಆಡಿದ ಮಾತು ಕೇಳಿ. "ಈ ಹೊನ್ನೂರ ಸೊಪ್ಪಿ ಕಳ್ಳತನ ಮಾಡ್ಯಾನ. ತೆಳ್ಳಗ ಕಟ್ಯಾನ. ಯಾಕ? ಗೋಡೆಗಾಳು ಜಾಸ್ತಿ ಆದ್ರ ಅವನ ಪಾಲು ಜಾಸ್ತಿ ಆಗತೈತಿ, ಅದಕ್ಕ. ನನ್ನ ಕಾಳು ಕೆಡಿಸಿ ತಾನು ಉಣ್ಣಾಕ ನೋಡ್ಯಾನ. ಇವನ್ನ ಇನ್ನ ಯಾರೂ ಹಗೇವಿಗೆ ಇಳಿಸಬ್ಯಾಡ್ರಿ."

ಕೇಳಿದಿರಲ್ಲ? ಕೊಳೆತ ಕಾಳಿಗೆ ಆಸೆಪಟ್ಟು ಒಬ್ಬ ಮನುಷ್ಯ ಒಳ್ಳೆಯ ಕಾಳನ್ನು ಬೇಕಂತಲೇ ಕೊಳೆಸಿದನಂತೆ. ಈ ಮಾತು ಆ ಪಡಸಾಲೆಯಲ್ಲಿ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಪಂಚರು ಗಂಭೀರವಾಗಿ ತಲೆದೂಗಿದರು. ಅಂಥ ಮಾತು ಅವರ ಬಾಯಿಂದ ಹೊರಟರೆ ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಯಾವ ಅಂಗಡಿಯವನೂ ಹೊನ್ನೂರನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅವನಿಗೆ ಹೊಲವಿಲ್ಲ, ಬೇರೆ ಕೆಲಸ ಗೊತ್ತಿಲ್ಲ. ಕಳ್ಳ ಎಂಬ ಹೆಸರು ಹೊತ್ತು ಹೆಂಡತಿಯನ್ನು ಕರೆದುಕೊಂಡು ಅವನು ಎಲ್ಲಿಗೆ ಹೋಗಬೇಕು?

ಹೊನ್ನೂರ ಕೈ ಮುಗಿದ. "ನಾ ದಪ್ಪನ ಕಟ್ಟೀನ್ರಿ ಧಣೇರ" ಅಂದ, ಅಷ್ಟೇ. ಸೊಪ್ಪೆ ದಪ್ಪಗೇ ಇತ್ತು, ನಾನು ಕಂಡಿದ್ದೇನೆ, ತೇವ ಕಾಲುವೆಯದು ಎಂದೆ. ಪಂಪಣ್ಣನವರು ನನ್ನ ಕಡೆ ತಿರುಗಿ, "ನಿನ್ನ ಕೇಳಿಲ್ಲ, ಕುಂದ್ರಲೇ" ಅಂದರು.

ಆಗ ಮಾರೆಕ್ಕ ಗಂಡನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು. ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳು. "ಧಣೇರ, ನಾ ಒಂದ ಮಾತು ಕೇಳ್ತೀನಿ. ಸಿಟ್ಟಿಗೇಳಬ್ಯಾಡ್ರಿ. ಈ ಗೋಡೆಗಾಳು ತಿನ್ನಾಕ ಬರ್ತೈತೋ ಇಲ್ಲೋ?"

"ಬರ್ದೇನು? ನಿಮ್ಮ ಮಾವ ತಿಂದಾನ, ಅವನ ಅಪ್ಪ ತಿಂದಾನ" ಅಂದರು ಪಂಪಣ್ಣನವರು.

"ಹಂಗಾರ ನಿಮಗೇನು ಲುಕ್ಸಾನ ಆತು? ತಿನ್ನೋ ಕಾಳ ಐತಲ್ಲ. ದೊರಿ ಜೋಡಿ ಜಗಳಾಡ್ರಿ ಹೋಗ್ರಿ, ನನ್ನ ಗಂಡನ್ನ ಯಾಕ ನಿಂದ್ರಿಸೀರಿ?"

ಪಂಪಣ್ಣನವರು ತಡವರಿಸಿದರು. "ಏ, ದಂಡಿನ ಎತ್ತಿಗೆ ಬರಂಗಿಲ್ಲ. ಕೆಟ್ಟೈತಿ ಅದು."

"ಕೆಟ್ಟಿದ್ರ ಯಾರು ಕದಿತಾರ್ರಿ ಅದನ್ನ? ಎತ್ತು ಮೂಸಿ ಬಿಟ್ಟಿದ್ದನ್ನ ಕದಿಯಾಕ ನನ್ನ ಗಂಡಗ ಹುಚ್ಚು ಹಿಡದೈತೇನು? ಮತ್ತ, ಕೆಟ್ಟೈತಿ ಅಂತ ನೀವ ಹೇಳಿದ್ರಿ. ಹಂಗಾರ ನನ್ನ ಮಾವನ ಕೂಲಿ ಎಲ್ಲಿ? ಇವನ ಕೂಲಿ ಎಲ್ಲಿ? ಇಷ್ಟು ವರ್ಸ ನೀವು ಕೊಟ್ಟಿದ್ದು ಏನು? ಎರಡರಾಗ ಒಂದ ಹೇಳ್ರಿ. ನಾ ಒಂದಕ್ಕ ಒಪ್ಪಿ ಹೋಗ್ತೀನಿ."

ಪಂಚರಲ್ಲಿ ಒಬ್ಬರು ಕೆಮ್ಮಿದರು, ಇನ್ನೊಬ್ಬರು ಎಲೆಯಡಿಕೆ ಚೀಲ ಬಿಚ್ಚಿದರು. ಎರಡರಲ್ಲಿ ಯಾವುದನ್ನು ಹೇಳಿದರೂ ತಮ್ಮ ಬುಡಕ್ಕೇ ಬರುತ್ತದೆ ಎಂದು ಅವರಿಗೆ ಹೊಳೆದಿತ್ತು. ಪಂಪಣ್ಣನವರು ಆಸರೆಗೆ ನನ್ನನ್ನು ಹಿಡಿದರು. "ಲೇ ಇಮಾಮ, ನೀ ಮುಕದ್ದಮ ಅದೀಯಲ್ಲ, ನೀ ಹೇಳು. ತಿನ್ನಾಕ ಬರ್ತೈತೋ ಇಲ್ಲೋ?"

ನನಗೆ ಅಷ್ಟು ಹೊತ್ತಿಗೆ ಸಿಟ್ಟು ನೆತ್ತಿಗೇರಿತ್ತು. "ಇವತ್ತ ನಿಮ್ಮ ಮನ್ಯಾಗ ಇದರ ರೊಟ್ಟಿ ಮಾಡಸ್ರಿ ಧಣೇರ. ನೀವು ಉಣ್ರಿ, ಪಂಚರಿಗೂ ನೀಡಸ್ರಿ. ಮುಂಜಾನಿ ಬಂದು ಹೇಳ್ತೀನಿ" ಅಂದೆ.

ಪಂಪಣ್ಣನವರ ಮುಖ ಕಪ್ಪಿಟ್ಟಿತು. ಅಷ್ಟರಲ್ಲಿ, ಯಾರೂ ಕೇಳದೆ, ಆಚಾರ್ಯರು ಮಾತಾಡಿದರು. ಅವರು ಕಂಬದಿಂದ ಸರಿದು ನೆಟ್ಟಗೆ ಕುಳಿತಿದ್ದರು. "ನಾ ತಿನ್ನಂಗಿಲ್ಲ. ನನ್ನ ಮನ್ಯಾಗ ಯಾರಿಗೂ ಹಾಕಂಗಿಲ್ಲ. ದುರಗಪ್ಪಗ ಮಾತ್ರ ಕಳಿಸಿದ್ದೆ" ಅಂದರು. ಅಂದವರು ಎದ್ದು, ಕೈಕಾಲು ತೊಳೆಯಬೇಕು ಎಂದು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ಆ ಮನುಷ್ಯನ ಮೇಲಿದ್ದ ನನ್ನ ಹಳೆಯ ಸಿಟ್ಟಿನಲ್ಲಿ ಅರ್ಧ ಅವತ್ತು ಹೋಯಿತು. ಉಳಿದರ್ಧ ಇನ್ನೂ ಇದೆ.

ಪಂಚರು ತಮ್ಮ ತಮ್ಮಲ್ಲೇ ಪಿಸುಗುಟ್ಟಿ, ಹೊನ್ನೂರ ಕಳ್ಳನಲ್ಲ, ನೆಲದ ದೋಷ ಎಂದು ತೀರ್ಮಾನ ಹೇಳಿದರು. ಇನ್ನು ಮುಂದೆ ಕೂಲಿಯನ್ನು ನಡುವಿನ ಕಾಳಿನಲ್ಲೇ ಅಳೆಯಬೇಕು, ಗೋಡೆಗಾಳನ್ನು ತಿಪ್ಪೆಗೆ ಹಾಕಬೇಕು ಎಂದೂ ಆಯಿತು. ಹಳೆಯ ಕೂಲಿಯ ಮಾತನ್ನು ಮಾತ್ರ ಎಲ್ಲರೂ ಸೇರಿ ನುಂಗಿಬಿಟ್ಟರು. ಮಾರೆಕ್ಕ ಮತ್ತೆ ಕೇಳಲು ಬಾಯಿ ತೆರೆದಳು. ಹೊನ್ನೂರ ಅವಳ ತೋಳು ಹಿಡಿದು, "ಸಾಕು ಬಾ" ಅಂದ. ಪಂಪಣ್ಣನವರು ಒಂದು ಚೀಲ ಚೊಕ್ಕ ಜೋಳವನ್ನು ಅವರ ಮುಂದೆ ಕೆಡವಿಸಿ, "ಉಣ್ರಿ ಹೋಗ್ರಿ" ಎಂದು ಒಳಗೆ ಹೋದರು.

ನನ್ನ ಕೆಲಸ ಹೋಗುತ್ತದೆ ಎಂದು ಎಲ್ಲರೂ ತಿಳಿದಿದ್ದರು. ಹೋಗಲಿಲ್ಲ. ಪಂಪಣ್ಣನವರಿಗೆ ಕಾಳು ಮೂಸಿ ಹೇಳುವ ನನ್ನ ಮೂಗು ಬೇಕಾಗಿತ್ತು. ನಾನು ಬಹಳ ವರ್ಷ ಅಲ್ಲಿಯೇ ದುಡಿದೆ. ಆಮೇಲೆ ರೈಲಿನ ಪಕ್ಕದಲ್ಲಿ ಗೋದಾಮುಗಳೆದ್ದವು, ಜನ ಹಗೇವುಗಳಿಗೆ ಮಣ್ಣು ತುಂಬಿದರು. ಈಗ ಚೀಲದ ಮೂಲೆಗೆ ಕೊಳವೆ ಚುಚ್ಚಿ ನಾಲ್ಕು ಕಾಳು ತೆಗೆದು ನೋಡಿ ಪಾಸು ಮಾಡುತ್ತಾರೆ. ಚೀಲದ ನಡುವಿನಲ್ಲಿ ಏನಿದೆ ಎಂದು ನೋಡುವವರಿಲ್ಲ. ಕೊಳೆತ ಚೀಲ ಹಮಾಲರ ಪಾಲಿಗೆ ಹೋಗುತ್ತದೆ ಎಂದೂ ಕೇಳಿದ್ದೇನೆ. ಸುಳ್ಳಾದರೆ ಬಂದು ಹೇಳಿ, ನಾನು ಸಂತೋಷಪಡುತ್ತೇನೆ. ನಿಜವಾದರೆ, ಗೋಡೆಗೆ ವರ್ಷದ ಲೆಕ್ಕ ಬರೆದು ಹಚ್ಚುವ ಮೊದಲು ಆ ಚೀಲ ಯಾರ ಮನೆಗೆ ಹೋಗುತ್ತದೆ ನೋಡಿಕೊಂಡು ಬನ್ನಿ.

ಆ ಪಂಚಾಯ್ತಿಯಾದ ಕೆಲವು ದಿನಕ್ಕೆ ಕೆಲಸದ ಮೇಲೆ ಕುರುಗೋಡಿಗೆ ಹೋಗಿದ್ದೆ. ಮಾರೆಕ್ಕ ದಾರಿಯಲ್ಲೇ ಹಿಡಿದು, "ಸಾಬಣ್ಣ, ಇವತ್ತ ನಮ್ಮ ಮನ್ಯಾಗ ಉಂಡ ಹೋಗ್ಬೇಕು. ಹಂಗ ಹೋದ್ರ ನಾ ಮಾತಾಡ್ಸಂಗಿಲ್ಲ" ಅಂದಳು. ಗುಡ್ಡದ ಬಂಡೆಗಳ ಬುಡದಲ್ಲಿ ಅವರ ಗುಡಿಸಲು. ಹೋಗಿ ಕುಳಿತೆ. ಅವಳು ಎಸರಿಟ್ಟು, ಪಂಪಣ್ಣನವರು ಕೊಟ್ಟ ಚೊಕ್ಕ ಜೋಳದ ಹಿಟ್ಟು ನಾದಿ, ರೊಟ್ಟಿ ತಟ್ಟಿದಳು. ಅಂಚು ಒಡೆಯದೆ ದೊಡ್ಡದಾಗಿ ಬಂತು. ಹೆಂಚಿನ ಮೇಲೆ ಉಬ್ಬಿತು. ಅವಳ ಮುಖ ನೋಡಬೇಕಿತ್ತು. ತವರಿನಲ್ಲಿ ಕಲಿತದ್ದು ಕೈಗೆ ನೆನಪಿತ್ತು ನೋಡು ಸಾಬಣ್ಣ ಎಂದು ಹಿಗ್ಗಿದಳು. ಪುಂಡಿಪಲ್ಯ, ಹಸಿಖಾರ, ಬಿಸಿರೊಟ್ಟಿ. ನಾನು ಬಾಯಿ ತುಂಬ ತಿನ್ನತೊಡಗಿದೆ.

ಹೊನ್ನೂರ ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡ. ಅಗಿದ. ಇನ್ನೊಂದು ತುತ್ತು ತಿಂದ. ರೊಟ್ಟಿಯನ್ನು ತಿರುವಿ ನೋಡಿದ, ಮೂಗಿನ ಹತ್ತಿರ ಹಿಡಿದ. ಆಮೇಲೆ ತಾಟಿನಲ್ಲಿ ಇಟ್ಟ. ಅವನು ಹುಟ್ಟಿದ್ದು ಹಗೇವಿನವರ ಮನೆಯಲ್ಲಿ, ತಾಯಿ ಹಾಲು ಬಿಡಿಸಿ ತಿನ್ನಿಸಿದ್ದು ಗೋಡೆಗಾಳಿನ ಸಂಗಟಿ.

"ಯಾಕ, ಉಣವಲ್ಲಿ?" ಎಂದು ಮಾರೆಕ್ಕ ಕೇಳಿದಳು.

ಅವನು ನಾಚಿಕೊಂಡ. ಹೆಂಡತಿಯನ್ನು ನೋಡದೆ ನನ್ನನ್ನು ನೋಡಿದ. "ಚಲೋ ಐತಿ ಸಾಬಣ್ಣ, ಇಲ್ಲ ಅನ್ನಂಗಿಲ್ಲ. ಆದ್ರ ಇದರಾಗ ಜೋಳದ ವಾಸನಿನ ಇಲ್ಲಲ್ಲ" ಅಂದ. ಆಮೇಲೆ ಮೆಲ್ಲಗೆ ಕೇಳಿದ. "ಆ ಗೋಡೆಗಾಳು ಇನ್ನಾ ತಿಪ್ಪಿಗೆ ಹಾಕಿಲ್ಲಲ್ಲ? ಒಂದ್ ಹಿಡಿ ತಂದು ಕೂಡಿಸಿ ಬೀಸಿದ್ರ ಸರಿಹೋಗತೈತಿ."

ಮಾರೆಕ್ಕನ ಕೈ ಹಿಟ್ಟಿನಲ್ಲೇ ನಿಂತಿತು. ನಾನು ತಾಟು ಬಿಟ್ಟು ಎದ್ದು ಹೊರಗೆ ಬಂದೆ.